ಟೈರಿನ ಬಿಸಿ ಹೇಳುವ ಲೆಕ್ಕ

ಸುಗ್ಗಿಯಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಭತ್ತ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಗಾಡಿ ಎಡಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಟೈರು ಒಂದೇ ಮಗ್ಗುಲಲ್ಲಿ ಸವೆಯುತ್ತದೆ ಎಂಬ ದೂರುಗಳಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಗಾಳಿ ಹೊಡೆಸು, ಇಲ್ಲವೇ ಟೈರು ಬದಲಿಸು. ಅನುಭವದಿಂದ ನನಗೆ ಮನದಟ್ಟಾಗಿರುವುದು ಬೇರೆ. ಎರಡಕ್ಕೂ ಮೊದಲು, ಗಾಡಿ ನಿಂತ ಕೂಡಲೇ, ಹೊರೆ ಇಳಿಸುವ ಮುಂಚೆಯೇ ಟೈರಿನ ಬಿಸಿ ಅಳೆಯಬೇಕು. ಉರುಳುವ ರಬ್ಬರು ಬಿಸಿಯಾಗುವುದು ಮುಖ್ಯವಾಗಿ ಮತ್ತೆ ಮತ್ತೆ ಬಾಗಿ ನೆಟ್ಟಗಾಗುವುದರಿಂದ. ಭಾರ ಎಲ್ಲಿ ಹೆಚ್ಚು ಬಿದ್ದಿತೋ ಅಲ್ಲಿ ಬಿಸಿಯೂ ಹೆಚ್ಚು. ಎತ್ತಿನ ಗಾಡಿಯ ಕಾಲದವರು ಅಚ್ಚು ಕಾದರೆ ಕೀಲೆಣ್ಣೆ ಬೇಕೆಂದು ಅರಿತಿದ್ದರು. ಆ ಅರಿವನ್ನೇ ನಾವು ಟೈರಿಗೂ ಒಯ್ಯಬೇಕಾಗಿದೆ.

ಈ ವಿದ್ಯೆಯನ್ನು ಚೆನ್ನಾಗಿ ಪಳಗಿಸಿಕೊಂಡವರು ಕಾರ್ಟ್ ರೇಸಿನವರು. ಬೆಂಗಳೂರಿನ ಮೆಕೋ ಕಾರ್ಟೋಪಿಯಾದಂಥ ಟ್ರ್ಯಾಕುಗಳಲ್ಲಿ ಓಡುವ ರೇಸ್ ಕಾರ್ಟಿಗೆ ಸ್ಪ್ರಿಂಗ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಳಬದಿಯ ಹಿಂಚಕ್ರ ತುಸು ಮೇಲೇಳದಿದ್ದರೆ ಕಾರ್ಟ್ ಸಲೀಸಾಗಿ ತಿರುಗದು. ಸುತ್ತು ಮುಗಿದೊಡನೆ ಅವರು ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚುಗಳಿಗೆ ಸೂಜಿಯ ತಾಪಮಾಪಕ ಚುಚ್ಚಿ ನೋಡುತ್ತಾರೆ. ನಡು ಕಾದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಕಾದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಕಾದಿದ್ದರೆ ಚಕ್ರ ವಾಲಿ ಓಡುತ್ತಿದೆ. ಮುಂದಿನ ಟೈರುಗಳು ಹಿಂದಿನವಕ್ಕಿಂತ ಮಿತಿಮೀರಿ ಕಾದಿದ್ದರೆ ಮುಂಭಾಗ ತಿರುವಿನಲ್ಲಿ ಹಿಡಿತ ತಪ್ಪಿ ಜಾರುತ್ತಿದೆ.

ರೇಸಿನ ವೇಗವೆಲ್ಲಿ, ಟ್ರ್ಯಾಕ್ಟರಿನ ನಡಿಗೆಯೆಲ್ಲಿ ಎಂದು ಕೇಳಬಹುದು. ವೇಗ ಕಡಿಮೆ ನಿಜ, ಆದರೆ ಭಾರ ಟನ್ನುಗಟ್ಟಲೆ. ಅಂಚು, ನಡುಗಳ ಬಿಸಿಯ ವ್ಯತ್ಯಾಸ ಕೆಲವೇ ಡಿಗ್ರಿ ಇರುವುದರಿಂದಲೇ ಕೈ ಮುಟ್ಟಿ ನೋಡಿದರೆ ಸಾಲದು. ಒಂದೇ ಟೈರಿನ ಅಂಚು 55, ನಡು 48 ಇದ್ದರೆ ಅಂಗೈಗೆ ಎರಡೂ ಬರೀ ಬಿಸಿ. ಟೈರು ಸವೆದ ರೀತಿಯೇ ಎಲ್ಲ ಹೇಳುತ್ತದಲ್ಲ ಎಂಬ ಮಾತೂ ಇದೆ. ಹೇಳುತ್ತದೆ, ಆದರೆ ಟೈರು ಹಾಳಾದ ಮೇಲೆ. ಬಿಸಿ ಅದನ್ನೇ ಮೊದಲ ದಿನವೇ ಹೇಳುತ್ತದೆ.

ಬಿಸಿಲಿನ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಶಿರಾಳಕೊಪ್ಪ ದಾಟಿದ ಮೇಲೆ ದಾರಿ ಪಡುವಣಕ್ಕೆ ಸಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಹಾಗಾಗಿ ಎಡಗಡೆಯ ಟೈರುಗಳ ಪಕ್ಕಕ್ಕೆ ಬಿಸಿಲು ನೇರ ಬಡಿಯುತ್ತದೆ. ಸಾಲದ್ದಕ್ಕೆ ನಡು ಉಬ್ಬಿದ ರಸ್ತೆಯ ಎಡಮಗ್ಗುಲಲ್ಲಿ ಓಡುವ ಗಾಡಿ ಸಹಜವಾಗಿಯೇ ಎಡಕ್ಕೆ ತುಸು ವಾಲುತ್ತದೆ. ಎಡ ಬಿಸಿಯಾಯಿತೆಂದು ಅವಸರದಲ್ಲಿ ಅಚ್ಚನ್ನು ದೂರಿದರೆ ತಪ್ಪಾದೀತು. ಬಿಸಿಲೇರುವ ಮುನ್ನ ಹೊರಟ ದಿನದ ಅಳತೆಯನ್ನು ಮಧ್ಯಾಹ್ನದ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು. ಸೂಜಿ ಚುಚ್ಚದೆ, ದೂರದಿಂದ ಗುರಿಯಿಟ್ಟು ಬಿಸಿ ಓದುವ ಇನ್ಫ್ರಾರೆಡ್ ಉಪಕರಣ ತೋರಿಸುವುದು ಹೊರಮೈಯ ಬಿಸಿಯನ್ನಷ್ಟೇ. ಆ ಬಿಸಿ ಬೇಗ ಇಳಿಯುತ್ತದೆ, ಚಹಾ ಕುಡಿದು ಬಂದು ಅಳೆದರೆ ಪ್ರಯೋಜನವಿಲ್ಲ. ಚಕ್ರದ ನಡುಭಾಗವೇ ಕಾದಿದ್ದರೆ ಅದು ಬೇರಿಂಗಿನ ಅಥವಾ ಬ್ರೇಕಿನ ಮಾತು, ಟೈರಿನದಲ್ಲ.

ಕಾದ ಟೈರಿನಲ್ಲಿ ಗಾಳಿ ಹೆಚ್ಚಾಗಿದೆಯೆಂದು ಒಂದಿಷ್ಟು ಹೊರಬಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. 30 ಪಿಎಸ್‌ಐ ಇರುವ ಟೈರು 20 ಡಿಗ್ರಿ ಕಾದರೆ ಒತ್ತಡ ಸುಮಾರು 3 ಪಿಎಸ್‌ಐ ಏರುವುದು ಸಹಜ. ಗಾಳಿ ಕಡಿಮೆಯಿದ್ದೇ ಅಂಚು ಕಾದಿದ್ದರೆ, ಗಾಳಿ ಬಿಟ್ಟರೆ ಅಂಚು ಇನ್ನಷ್ಟು ಕಾಯುತ್ತದೆ. ಗಾಳಿ ಸರಿಪಡಿಸಬೇಕಾದದ್ದು ಮರುದಿನ ಬೆಳಿಗ್ಗೆ, ಟೈರು ತಣ್ಣಗಿದ್ದಾಗ.

ಎಷ್ಟೋ ಸಲ ತಪ್ಪು ಗಾಳಿಯದ್ದೂ ಅಲ್ಲ, ಚೀಲ ಜೋಡಿಸಿದ್ದರದ್ದು. ಎರಡು ಗಾಲಿಯ ಟ್ರೇಲರಿನಲ್ಲಿ ಮುಂದಕ್ಕೆ ಹೆಚ್ಚು ಹೇರಿದರೆ ಭಾರ ಹುಕ್ಕಿನ ಮೇಲೆ ಬೀಳುತ್ತದೆ. ಹುಕ್ಕು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತಲೂ ಹಿಂದಿರುವುದರಿಂದ ಮುಂದಿನ ಗಾಲಿಗಳು ಹಗುರಾಗುತ್ತವೆ. ಟ್ರ್ಯಾಕ್ಟರಿನ ಹಿಂದಿನ ಟೈರು ಎಂದಿಗಿಂತ ಬಿಸಿ, ಮುಂದಿನದು ಎಂದಿಗಿಂತ ತಣ್ಣಗೆ ಇದ್ದರೆ ಸ್ಟೇರಿಂಗ್ ಯಾಕೆ ಮಾತು ಕೇಳುತ್ತಿಲ್ಲ ಎಂಬುದು ಅಲ್ಲೇ ಇದೆ. ಹಾಗೆಂದು ಪೂರ್ತಿ ಹಿಂದಕ್ಕೆ ತಳ್ಳಿದರೆ ಹುಕ್ಕೇ ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ಹೋಗುತ್ತದೆ. ಒಂದು ಸಾಲು ಚೀಲವನ್ನಷ್ಟೇ ಹಿಂದಕ್ಕೆ ಸರಿಸಿ, ಗಾಳಿ ಮುಟ್ಟದೆ, ಅದೇ ದಾರಿಯಲ್ಲಿ ಅಷ್ಟೇ ಚೀಲ ಹೊತ್ತು ಹೋಗಿ ಮಂಡಿಯ ಮುಂದೆ ಮತ್ತೊಮ್ಮೆ ಅಳೆಯಬೇಕು.