ಗ್ರಾಮಸಭೆಗೂ ನಮ್ಮ ವಿಶ್ವಾಸ ಬರಲಿ
(ಸಂಘದ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು)



ಭಾನುವಾರದ ಬಲಿಪೂಜೆಯಲ್ಲಿ ನಾವು ದೇಶಕ್ಕಾಗಿ, ದೇಶವನ್ನು ಆಳುವವರಿಗಾಗಿ ಪ್ರಾರ್ಥಿಸುತ್ತೇವೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲೂ ಇದೇ ಬುದ್ಧಿಮಾತು ಇದೆ. ಆದರೆ ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ದೇಶಕ್ಕಾಗಿ ಏನು ಮಾಡುತ್ತೇವೆ? "ದೇಶ ಅಂದ್ರೆ ದೊಡ್ಡವರ ವಿಷಯ ಸಿಸ್ಟರ್, ನಮಗೆ ನಮ್ಮ ಮನೆ ಮಕ್ಕಳೇ ಸಾಕು" ಎಂದು ಎಷ್ಟೋ ಸಂಘಗಳಲ್ಲಿ ಕೇಳಿದ್ದೇವೆ. ಈ ತಿಂಗಳು ಈ ಮಾತನ್ನೇ ಸ್ವಲ್ಪ ಯೋಚಿಸೋಣ.

ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದ ತಾಯಂದಿರೂ ಇದ್ದೀರಿ. ಕ್ರೈಸ್ತರು ತಮ್ಮ ವಿಶ್ವಾಸವನ್ನು ಹೇಗೆ ಬದುಕಬೇಕು ಎಂದು ಇಲ್ಲಿ ಹೇಳುತ್ತಿದ್ದರೂ, ಮಾಡಬೇಕಾದ ಕೆಲಸ ಎಲ್ಲರದ್ದು.

ದೇಶ ಎಲ್ಲಿದೆ?

ದೇಶ ದೆಹಲಿಯಲ್ಲಿ ಮಾತ್ರ ಇಲ್ಲ. ನಮ್ಮ ಬೀದಿಯ ನಲ್ಲಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಶಾಲೆಯ ಶೌಚಾಲಯ, ಇವೂ ದೇಶವೇ.

ಇಸ್ರಯೇಲ್ ಜನರನ್ನು ಬಾಬಿಲೋನಿಗೆ ಸೆರೆ ಒಯ್ದಾಗ ಪ್ರವಾದಿ ಯೆರೆಮೀಯ ಅವರಿಗೆ ಒಂದು ಪತ್ರ ಬರೆದರು (ಅಧ್ಯಾಯ 29). ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ, ಊರು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಎಂಬುದು ಆ ಪತ್ರದ ಸಾರ. ಅದು ಅವರನ್ನು ಸೆರೆ ಹಿಡಿದವರ ಊರು. ನಮ್ಮದಾದರೋ ನಾವು ಹುಟ್ಟಿದ ಊರು. ಹಾಗಾದರೆ ನಮ್ಮ ಹೊಣೆ ಎಷ್ಟು ಹೆಚ್ಚಿನದು!

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11 ಲಕ್ಷ 42 ಸಾವಿರ. ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಕಡಿಮೆ ಇರುವ ನಾವು ಏನು ಮಾಡಲಾದೀತು ಎನ್ನಬೇಡಿ. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದರು. ಸಾರಿಗೆ ಉಪ್ಪು ಒಂದು ಚಿಟಿಕೆ ಸಾಕು. ಆದರೆ ಭರಣಿಯಲ್ಲೇ ಉಳಿದ ಉಪ್ಪಿನಿಂದ ಸಾರಿಗೆ ರುಚಿ ಬರುವುದಿಲ್ಲ.

ಹಿರಿಯರು ನಡೆದ ದಾರಿ

1880ರಲ್ಲಿ ಜರ್ಮನಿ ಮೂಲದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಆರಂಭಿಸಿದರು. 1890ರಲ್ಲಿ, ಎಲ್ಲರೂ ದೂರ ಇಟ್ಟಿದ್ದ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಅದೇ ಇಂದಿನ ದೊಡ್ಡ ಆಸ್ಪತ್ರೆ.

ಸಂವಿಧಾನ ಬರೆಯುವಾಗಿನ ಸಂಗತಿಯೂ ನಮಗೆ ಗೊತ್ತಿರಬೇಕು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಎಚ್.ಸಿ. ಮುಖರ್ಜಿ ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಫಾದರ್ ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರು. ಶಾಸನಸಭೆಗಳಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನ ಬೇಕೇ ಎಂಬ ಪ್ರಶ್ನೆ ಬಂದಾಗ ಇವರು ಬೇಡವೆಂಬ ಕಡೆ ನಿಂತರು. 1949ರಲ್ಲಿ ಹಾಗೆಯೇ ತೀರ್ಮಾನವಾಯಿತು. ನೆರೆಯವರನ್ನು ನಂಬಿ, ಎಲ್ಲರೊಂದಿಗೆ ಸಮಾನ ಪ್ರಜೆಗಳಾಗಿ ಬಾಳುತ್ತೇವೆ ಎಂಬುದು ಅದರ ಅರ್ಥ. ಆ ನಂಬಿಕೆಯನ್ನು ಉಳಿಸುವ ಕೆಲಸ ಈಗ ನಮ್ಮ ಕೈಯಲ್ಲಿದೆ.

ಗ್ರಾಮಸಭೆ: ನಮ್ಮ ಜಾಗ

ಕರ್ನಾಟಕದ ಪಂಚಾಯತಿಗಳಲ್ಲಿ 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಸಿಕ್ಕಿತು. 1993ರಲ್ಲಿ ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧವಾಯಿತು. ಆದರೂ ಕೆಲವು ಕಡೆ ಸದಸ್ಯೆಯ ಕುರ್ಚಿಯಲ್ಲಿ ಗಂಡ ಕೂರುವುದನ್ನು ನೋಡುತ್ತೇವೆ. ನಮ್ಮ ಸಂಘದ ತಾಯಿ ಆರಿಸಿ ಬಂದಿದ್ದರೆ ಆಕೆಯನ್ನು ಒಂಟಿ ಬಿಡಬೇಡಿ. ಸಭೆಗೆ ನಾಲ್ಕು ಜನ ಜೊತೆಗೆ ಹೋಗಿ.

ಗ್ರಾಮ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ ಇರುತ್ತದೆ. ನೀವು ಹೀಗೆ ಮಾಡಿ:

1. ಸಭೆಯ ದಿನಾಂಕವನ್ನು ಪಂಚಾಯತಿಯಲ್ಲಿ ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ.
2. ಸಂಘದಲ್ಲಿ ಮಾತಾಡಿ ಎರಡು ಬೇಡಿಕೆ ಆರಿಸಿ. ಅದರಲ್ಲಿ ಒಂದು, ನಮಗಿಂತ ಕಷ್ಟದಲ್ಲಿರುವವರಿಗಾಗಿ ಇರಲಿ.
3. ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ.
4. ಹಾಜರಿಗೆ ಸಹಿ ಹಾಕಿ ಸುಮ್ಮನೆ ಮನೆಗೆ ಬರಬೇಡಿ. ನಿಮ್ಮ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಲು ಕೇಳಿ.
5. ಕೆಲಸ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆ ನೆನಪಿದೆಯಲ್ಲವೇ? ನ್ಯಾಯಾಧೀಶ ಎಷ್ಟು ಸಲ ಕಳಿಸಿದರೂ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದಳು. ನಮಗೂ ಆ ಹಠ ಬೇಕು.

ಯಾರಿಗಾಗಿ ಕೇಳುತ್ತೇವೆ?

ಇಲ್ಲಿಯೇ ನಮ್ಮ ವಿಶ್ವಾಸದ ಪರೀಕ್ಷೆ. ನಾವು ಭೇಟಿ ಕೊಡುವ ಒಂದು ಊರಿನಲ್ಲಿ ಚರ್ಚಿನ ಮುಂದಿನ ರಸ್ತೆ ಹಾಳಾಗಿತ್ತು. ಊರಾಚೆ ಕಾಲನಿಯಲ್ಲಿ ನೀರಿರಲಿಲ್ಲ. ಸಂಘದ ಕ್ರೈಸ್ತ ತಾಯಂದಿರು ಗ್ರಾಮಸಭೆಯಲ್ಲಿ ಮೊದಲು ಕಾಲನಿಗೆ ನೀರು ಕೇಳಿದರು. "ನಮ್ಮವರಾಗಿ ನಮ್ಮ ರಸ್ತೆ ಬಿಟ್ಟರು" ಎಂದು ಕೆಲವರು ಮುನಿಸಿಕೊಂಡರು. ಮೂರು ಗ್ರಾಮಸಭೆ ಕಳೆದ ಮೇಲೆ ಕಾಲನಿಗೆ ನಲ್ಲಿ ಬಂತು. ರಸ್ತೆ ಇನ್ನೂ ಆಗಿಲ್ಲ. ಆದರೆ ಈಗ ರಸ್ತೆಗಾಗಿ ಕೈ ಎತ್ತಲು ಕಾಲನಿಯವರೂ ಬರುತ್ತಾರೆ. ಒಳ್ಳೆಯ ಸಮಾರಿಯದವನು ಗಾಯಗೊಂಡವನ ಜಾತಿ ಕೇಳಲಿಲ್ಲ.

ಓಟಿನ ಲೆಕ್ಕ

ಸಂಘದಲ್ಲಿ ಒಂದು ರೂಪಾಯಿಗೂ ಲೆಕ್ಕ ಇಡುವ ನಾವು ಓಟಿನ ಲೆಕ್ಕವನ್ನೂ ಮಾಡೋಣ. ಓಟಿಗೆ 1,000 ರೂಪಾಯಿ ತೆಗೆದುಕೊಂಡರೆ, ಐದು ವರ್ಷಕ್ಕೆ ಹಂಚಿದಾಗ ದಿನಕ್ಕೆ 55 ಪೈಸೆ ಆಯಿತು. ಅಷ್ಟಕ್ಕೆ ನಮ್ಮ ಬಾಯಿ ಮಾರಿದ ಹಾಗೆ. ಆಮೇಲೆ ನೀರು ಬರಲಿಲ್ಲ ಎಂದು ಯಾವ ಮುಖದಿಂದ ಕೇಳುವುದು? ಓಟಿಗೆ ಹಣ ಕೊಡುವುದೂ ತೆಗೆದುಕೊಳ್ಳುವುದೂ ಕಾನೂನಿನಲ್ಲಿ ಅಪರಾಧ. ಸೀರೆ, ಕುಕ್ಕರ್ ಕೊಟ್ಟು ಇಡೀ ಸಂಘದ ಓಟು ಕೇಳಲು ಬಂದವರಿಗೆ "ನಮ್ಮ ಓಟು ಮಾರಾಟಕ್ಕಿಲ್ಲ" ಎಂದು ಒಟ್ಟಾಗಿ ಹೇಳಿ. ಒಬ್ಬಳೇ ಹೇಳುವುದು ಕಷ್ಟ, ಹದಿನೈದು ಜನ ಹೇಳಿದರೆ ಧೈರ್ಯ ಬರುತ್ತದೆ.

ಸಹೋದರಿಯರೇ, ದೇಶಕ್ಕೆ ಆಶೀರ್ವಾದವಾಗುವುದು ಎಂದರೆ ಇದೇ: ದೇವರ ಮುಂದೆ ಯಾರಿಗಾಗಿ ಬೇಡಿಕೊಂಡೆವೋ, ಜನರ ಮುಂದೆಯೂ ಅವರಿಗಾಗಿ ಮಾತಾಡುವುದು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಗ್ರಾಮಸಭೆಗೆ ನಮ್ಮ ಸಂಘದಿಂದ ಎಷ್ಟು ಜನ ಹೋಗಿದ್ದೆವು? ಎಷ್ಟು ಜನ ಮಾತಾಡಿದೆವು?
2. ನಮ್ಮ ಊರಿನಲ್ಲಿ ಯಾರ ಕಷ್ಟವನ್ನು ಯಾರೂ ಕೇಳುತ್ತಿಲ್ಲ?
3. ಓಟಿಗೆ ಹಣ, ವಸ್ತು ಪಡೆಯುವುದಿಲ್ಲ ಎಂದು ಠರಾವು ಬರೆಯಲು ನಾವು ಸಿದ್ಧರೇ?

ತೀರ್ಮಾನ: ಮುಂದಿನ ವಾರ್ಡ್ ಸಭೆಗೆ ಹೋಗುವವರ ಹೆಸರನ್ನು ಇಂದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.