ಗುಂಡಿನ ತೂಕವೂ ನಳಿಗೆಯ ತಿರುಪೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬಂದೂಕಿನ ನಳಿಗೆಯನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ನಾನು ಓದುತ್ತಿರುವುದು ಇತಿಹಾಸ. ಗಣಿತಕ್ಕೂ ನನಗೂ ಇದ್ದ ಬಾಂಧವ್ಯ ಹತ್ತನೆಯ ತರಗತಿಗೇ ಮುಗಿದಿತ್ತು. ಆದರೆ ಎನ್.ಸಿ.ಸಿ. ಶಿಬಿರವೊಂದರಲ್ಲಿ ನಡೆದ ಸಂಗತಿ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು.

ನಾನೂ ನಮ್ಮ ಊರಿನವನೇ ಆದ ಗೆಳೆಯನೊಬ್ಬನೂ ಪಾಯಿಂಟ್ ಟೂ ಟೂ ರೈಫಲ್ಲುಗಳಿಂದ 25 ಮೀಟರು ದೂರದ ಗುರಿಗೆ ಐದೈದು ಗುಂಡು ಹಾರಿಸಿದೆವು. ನನ್ನ ಐದೂ ರಂಧ್ರಗಳು ಅಂಗೈಯಷ್ಟು ಜಾಗದೊಳಗೆ ಬಿದ್ದವು. ಅವನವು ಕಾಗದದ ತುಂಬ ಚದುರಿದ್ದವು. ಕೈ ನಡುಗಿದೆ ಎಂದು ಅಂಕ ಹಾಕುವವರು ಹೇಳಿದರು. ತಂಡಕ್ಕೆ ನಾನು ಆಯ್ಕೆಯಾದೆ, ಅವನು ಉಳಿದ. ನನಗಿಂತ ಚೆನ್ನಾಗಿ ಗುರಿ ಹಿಡಿಯುವವನು ಅವನೇ ಎಂಬುದು ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ. “ಬಿಡೋ, ನನ್ನ ಕೈಯೇ ನಡುಗಿರಬೇಕು ಕಣೋ” ಎಂದು ಅವನೇ ನನ್ನನ್ನು ಸಮಾಧಾನಪಡಿಸಿದ.

ಅವನು ಎಸೆದ ಆ ಗುರಿಕಾಗದ ಹೇಗೋ ನನ್ನ ನೋಟುಪುಸ್ತಕದಲ್ಲಿ ಸೇರಿಕೊಂಡಿತ್ತು. ವಾರಗಳ ಮೇಲೆ ಅದನ್ನು ತೆಗೆದು ನೋಡಿದಾಗ ಎರಡು ರಂಧ್ರಗಳು ದುಂಡಾಗಿರದೆ ಹಲಸಿನ ಬೀಜದಂತೆ ಉದ್ದುದ್ದವಾಗಿದ್ದವು. ನಮಗೆ ಕವಾಯತು ಕಲಿಸುವ ಉಸ್ತಾದರಿಗೆ ತೋರಿಸಿದೆ. ಅವರು ಒಮ್ಮೆ ನೋಡಿ, “ಇದು ಹುಡುಗನ ತಪ್ಪಲ್ಲಪ್ಪ. ಗುಂಡು ಅಡ್ಡ ಮಗ್ಗುಲಾಗಿ ಹೋಗಿದೆ. ನಳಿಗೆ ಅದನ್ನು ತಿರುಗಿಸಿಲ್ಲ” ಎಂದರು.

ತಿರುಗಿಸುವುದೆಂದರೇನು? ರೈಫಲ್ಲಿನ ನಳಿಗೆಯ ಒಳಗೋಡೆ ನುಣುಪಲ್ಲ. ಅದರಲ್ಲಿ ಮರೆಯ ಮೊಳೆಯ ಸುತ್ತಿನಂತೆ, ಆದರೆ ಬಹಳ ನಿಧಾನವಾಗಿ ಸುತ್ತಿಕೊಂಡು ಹೋಗುವ ತೋಡುಗಳಿವೆ. ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬೀಳುತ್ತದೆ. ಎಷ್ಟು ಉದ್ದಕ್ಕೆ ಒಂದು ಪೂರ್ತಿ ಸುತ್ತು ಬರುತ್ತದೆಯೋ ಅದನ್ನೇ ನಾನು ತಿರುಪು ಎಂದು ಕರೆಯುತ್ತೇನೆ. ನಮ್ಮ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ 16 ಅಂಗುಲಕ್ಕೆ ಒಂದು ಸುತ್ತು. ಗುಂಡು ಸೆಕೆಂಡಿಗೆ ಸುಮಾರು 1,080 ಅಡಿ ವೇಗದಲ್ಲಿ ಹೊರಟರೆ, ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 810 ಸಲ ತಿರುಗುತ್ತಿರುತ್ತದೆ. ಈ ತಿರುಗಾಟವಿಲ್ಲದಿದ್ದರೆ ಎದುರುಗಾಳಿ ಗುಂಡಿನ ಮೂತಿಯನ್ನು ಎತ್ತಿ ಮಗುಚಿಬಿಡುತ್ತದೆ.

ಇದನ್ನು ಊರಿನಲ್ಲಿ ನಮ್ಮ ತಂದೆಯವರಿಗೆ ಹೇಳಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮರಗೆಲಸದವರು. ನನ್ನ ಚಿಕ್ಕಂದಿನ ಬುಗುರಿಗಳೆಲ್ಲ ಅವರೇ ಕೆತ್ತಿಕೊಟ್ಟವು. “ಕುಳ್ಳ ಬುಗುರಿ ಮೆಲ್ಲಗೆ ತಿರುಗಿದರೂ ನಿಲ್ಲುತ್ತೆ. ನೀಳ ಬುಗುರಿಗೆ ಚಾಟಿ ಜೋರಾಗಿ ಎಳೀಬೇಕು, ಇಲ್ಲದಿದ್ರೆ ತೂರಾಡುತ್ತೆ” ಎಂದರು. ಗ್ರಂಥಾಲಯದಲ್ಲಿ ವಾರಗಟ್ಟಲೆ ಓದಿ ನಾನು ತಿಳಿದುಕೊಂಡದ್ದೆಲ್ಲ ಆ ಎರಡು ಮಾತಿನಲ್ಲಿತ್ತು.

ಗುರಿಕಾರರು ಗುಂಡಿನ ತೂಕಕ್ಕೆ ತಕ್ಕ ತಿರುಪು ಎನ್ನುತ್ತಾರೆ. ಪಾಯಿಂಟ್ ಟೂ ಟೂ ತ್ರೀ ಎಂಬ ರೈಫಲ್ಲಿಗೆ 55 ಗ್ರೇನ್ ಗುಂಡಾದರೆ 12 ಅಂಗುಲಕ್ಕೆ ಒಂದು ಸುತ್ತು ಸಾಕು, 69 ಗ್ರೇನಿಗೆ 9 ಅಂಗುಲ, 80 ಗ್ರೇನಿಗೆ 8 ಎಂಬುದು ಅವರ ವಾಡಿಕೆ. (15 ಗ್ರೇನಿಗೆ ಸುಮಾರು ಒಂದು ಗ್ರಾಂ.) ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಳಿಗೆಯ ಅಗಲ ಅಷ್ಟೇ ಇರುವಾಗ ಗುಂಡಿನ ತೂಕ ಹೆಚ್ಚಬೇಕಾದರೆ ಅದು ಉದ್ದವಾಗಲೇಬೇಕು. ತಿರುಪನ್ನು ಕೇಳುವುದು ಆ ಉದ್ದ. ತೂಕವು ಉದ್ದದ ಪರವಾಗಿ ಸಾಕ್ಷಿ ಹೇಳುತ್ತದೆ, ಅಷ್ಟೆ.

ಇದಕ್ಕೆ ಇತಿಹಾಸದಲ್ಲೇ ಒಳ್ಳೆಯ ನಿದರ್ಶನವಿದೆ. 1857ರ ದಂಗೆಯ ಪಾಠದಲ್ಲಿ ಕೊಬ್ಬು ಸವರಿದ ತೋಟಾಗಳ ಎನ್‌ಫೀಲ್ಡ್ ಬಂದೂಕನ್ನು ನಾವೆಲ್ಲ ಓದಿದ್ದೇವೆ. ಅದರ ನಳಿಗೆಯ ಅಗಲ 0.577 ಅಂಗುಲ, ಗುಂಡಿನ ತೂಕ ಸುಮಾರು 530 ಗ್ರೇನ್, ತಿರುಪು 78 ಅಂಗುಲಕ್ಕೆ ಒಂದು ಸುತ್ತು. ಅದೇ 1857ರಲ್ಲಿ ಇಂಗ್ಲೆಂಡಿನ ಹೈಥ್ ಎಂಬಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾಗಿ ನಿಂತದ್ದು ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರನ ಬಂದೂಕು. ಮರೆ ಮೊಳೆಗಳ ಸುತ್ತಿಗೆ ಒಂದು ನಿಯತ ಅಳತೆಯನ್ನು ತಂದವನೂ ಇವನೇ. ಅವನ ಗುಂಡಿನ ತೂಕವೂ ಅದೇ 530 ಗ್ರೇನ್. ಆದರೆ ನಳಿಗೆಯ ಅಗಲ 0.451 ಅಂಗುಲವಾದ್ದರಿಂದ ಗುಂಡು ಸಪೂರವಾಗಿ, ದಪ್ಪದ ಸುಮಾರು ಮೂರು ಪಟ್ಟು ಉದ್ದವಾಯಿತು. ಅವನು ಇಟ್ಟ ತಿರುಪು 20 ಅಂಗುಲಕ್ಕೆ ಒಂದು ಸುತ್ತು! ತೂಕ ಒಂದೇ, ತಿರುಪು ಸುಮಾರು ನಾಲ್ಕು ಪಾಲು ಬಿಗಿ. ಪರೀಕ್ಷೆಯಲ್ಲಿ ಎನ್‌ಫೀಲ್ಡ್ ಸೋತಿತು. ಸೈನ್ಯವೇನೋ ವಿಟ್‌ವರ್ತನದನ್ನು ತನ್ನ ಬಂದೂಕನ್ನಾಗಿ ಸ್ವೀಕರಿಸಲಿಲ್ಲ. ಆದರೆ 1860ರಲ್ಲಿ ವಿಂಬಲ್ಡನ್ನಿನ ಗುರಿಪಂದ್ಯಗಳನ್ನು ವಿಕ್ಟೋರಿಯಾ ರಾಣಿ ಆರಂಭಿಸಿದ್ದು ಚೌಕಟ್ಟಿನ ಮೇಲೆ ಕೂರಿಸಿದ ಅದೇ ಬಂದೂಕಿನಿಂದ, 400 ಗಜ ದೂರಕ್ಕೆ.

ವಿಟ್‌ವರ್ತನು ಹಾರಿಸಿ ಹಾರಿಸಿ ಕಂಡುಕೊಂಡದ್ದನ್ನು 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞನು ಸೂತ್ರಕ್ಕೆ ಇಳಿಸಿದ. ನನ್ನಂಥವನಿಗೂ ಅರ್ಥವಾಗುವ ಸೂತ್ರ ಅದು. ಗುಂಡಿನ ಉದ್ದ ಅದರ ದಪ್ಪದ ಎಷ್ಟು ಪಟ್ಟೋ ಆ ಸಂಖ್ಯೆಯಿಂದ 150ನ್ನು ಭಾಗಿಸಿ, ಬಂದದ್ದನ್ನು ದಪ್ಪದಿಂದ ಗುಣಿಸಿದರೆ ತಿರುಪು ಸಿಗುತ್ತದೆ. ವಿಟ್‌ವರ್ತನ ಗುಂಡಿಗೆ 150ನ್ನು 3ರಿಂದ ಭಾಗಿಸಿದರೆ 50, ಅದನ್ನು 0.451ರಿಂದ ಗುಣಿಸಿದರೆ ಸುಮಾರು ಇಪ್ಪತ್ತೆರಡೂವರೆ ಅಂಗುಲ. ನಮ್ಮ ಪಾಯಿಂಟ್ ಟೂ ಟೂ ಗುಂಡು ದಪ್ಪದ ಎರಡು ಪಟ್ಟಿಗಿಂತ ತುಸು ಉದ್ದ. ಎರಡೇ ಎಂದು ಹಿಡಿದರೂ ಹದಿನಾರೂವರೆ ಬರುತ್ತದೆ. ಈ ಲೆಕ್ಕ ಮುಗಿಸಿದ ರಾತ್ರಿ ನನಗೆ ಹಾಸ್ಟೆಲಿನಲ್ಲಿ ನಿದ್ರೆ ಬರಲಿಲ್ಲ. (ಸೀಸದ ಗುಂಡುಗಳಿಗೆ ಇದು ಹೊಂದುತ್ತದೆ, ವೇಗ ಬಹಳ ಹೆಚ್ಚಾದರೆ 150ರ ಬದಲು 180 ಹಿಡಿಯುತ್ತಾರೆ.)

ಅಮೆರಿಕದ ಎಂ-16 ರೈಫಲ್ಲಿನ ಕಥೆಯೂ ಇಂಥದ್ದೇ. ಮೊದಲು ಅದಕ್ಕೆ 14 ಅಂಗುಲದ ತಿರುಪಿತ್ತು. ಕೊರೆಯುವ ಚಳಿಯಲ್ಲಿ ಗಾಳಿ ದಟ್ಟವಾಗಿ ಗುಂಡು ತೂರಾಡಿದ್ದರಿಂದ 1963ರಲ್ಲಿ ಅದನ್ನು 12ಕ್ಕೆ ಬಿಗಿಮಾಡಿದರು. 1980ರ ದಶಕದಲ್ಲಿ 62 ಗ್ರೇನಿನ ಗುಂಡು ಬಂದಾಗ 9 ಅಂಗುಲವೇ ಸಾಕಾಗುತ್ತಿತ್ತು. ಆದರೆ ಅದರ ಜೊತೆಗೆ ಬಳಸುವ, ದಾರಿಯುದ್ದಕ್ಕೂ ಬೆಳಕು ಬಿಡುತ್ತ ಹೋಗುವ ಟ್ರೇಸರ್ ಗುಂಡು ತೂಕದಲ್ಲಿ ಹೆಚ್ಚುಕಡಮೆ ಅಷ್ಟೇ ಇದ್ದರೂ ಬಹಳ ಉದ್ದ. ಅದಕ್ಕಾಗಿ 7 ಅಂಗುಲಕ್ಕೆ ಇಳಿಯಬೇಕಾಯಿತು.

ಹಾಗಾದರೆ ಎಲ್ಲ ನಳಿಗೆಗಳನ್ನೂ ಬಿಗಿಯಾಗಿಯೇ ತಿರುಚಬಾರದೇಕೆ ಎಂದು ಕೇಳಬಹುದು. ಗುಂಡಿನ ಎರಕದಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಹೆಚ್ಚು ತಿರುಗಿದಷ್ಟೂ ಆ ದೋಷ ಗುರಿಯ ಮೇಲೆ ದೊಡ್ಡದಾಗಿ ಕಾಣುತ್ತದೆ. ತೆಳು ಕವಚದ ಹಗುರ ಗುಂಡು ಕೆಲವೊಮ್ಮೆ ಗಾಳಿಯಲ್ಲೇ ಒಡೆದುಹೋಗುತ್ತದೆ. ಗುರಿಕಾರನಿಗೆ ಬೇಕಾದದ್ದು ಸಾಕಷ್ಟು ತಿರುಪು, ಅದಕ್ಕಿಂತ ಸ್ವಲ್ಪ ಹೆಚ್ಚು, ಬಹಳ ಹೆಚ್ಚಲ್ಲ.

ಮುಂದಿನ ಅಭ್ಯಾಸದ ದಿನ ಉಸ್ತಾದರ ಅಪ್ಪಣೆ ಪಡೆದು ನಾನೂ ಗೆಳೆಯನೂ ಖಾಲಿ ರೈಫಲ್ಲಿನ ತಿರುಪನ್ನು ಅಳೆದೆವು. ಶುಚಿಮಾಡುವ ಸರಳಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಕ್ಕೆ ತಳ್ಳಿದರೆ ಸರಳು ತಾನಾಗಿ ತಿರುಗುತ್ತದೆ. ಒಂದು ಸುತ್ತು ಪೂರೈಸುವವರೆಗೆ ಎಷ್ಟು ಒಳಸರಿಯಿತೆಂದು ಗುರುತು ಹಾಕಿ ಅಳೆಯಬೇಕು. ನಾನು ಬಳಸಿದ್ದ ರೈಫಲ್ಲಿನಲ್ಲಿ ಹದಿನಾರು ಅಂಗುಲ ಸರಿಯಾಗಿ ಬಂತು. ಅವನದರಲ್ಲಿ ಬಟ್ಟೆ ಅರ್ಧಕ್ಕರ್ಧ ತಿರುಗದೆಯೇ ಜಾರಿತು. ತೋಡುಗಳಲ್ಲಿ ಸೀಸ ಮೆತ್ತಿಕೊಂಡಿತ್ತು. ತಿರುಪು ಇದ್ದೂ ಇಲ್ಲದಂತಾಗಿತ್ತು. ಉಸ್ತಾದರು ಅರ್ಧ ದಿನ ಕೂತು ಅದನ್ನು ಉಜ್ಜಿಸಿದರು.

ಆಮೇಲೆ ಅವನು ಅದೇ ರೈಫಲ್ಲಿನಿಂದ ಐದು ಗುಂಡು ಹಾರಿಸಿದ. ಐದೂ ದುಂಡು ರಂಧ್ರಗಳು. ಗುಂಪು ನನ್ನದಕ್ಕಿಂತ ಚಿಕ್ಕದು. ತಂಡದ ಸ್ಪರ್ಧೆ ಮುಗಿದು ಆಗಲೇ ಮೂರು ವಾರವಾಗಿತ್ತು. ಅವನು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟು, “ಇದನ್ನೂ ಇಟ್ಕೋ” ಎಂದ. ಎರಡೂ ನನ್ನ ನೋಟುಪುಸ್ತಕದಲ್ಲಿವೆ.