ಫಾರ್ಮ್ ತುಂಬುವ ಮೊದಲು

ಹೊರದೇಶದ ವಿಶ್ವವಿದ್ಯಾಲಯದವರ ಜೊತೆ ಸಂಶೋಧನೆಗೆ ಸೇರಿಕೊಂಡಿದ್ದೀರಂತೆ, ಡಿಜಿಟಲ್ ಸಮಾಜದ ಭೂಗೋಳದ ಬಗ್ಗೆಯಂತೆ. ಬಹಳ ಸಂತೋಷ. ಆದರೆ ಅದು ಏನು ಎಂದು ಮನೆಯವರು ಕೇಳಿದರೆ ‘ನಿಮಗೆ ಅರ್ಥವಾಗೋದಿಲ್ಲ ಬಿಡಿ’ ಅಂದುಬಿಡುತ್ತೀರಿ, ಅದು ಸರಿಯಲ್ಲ. ಮೊಬೈಲು, ಇಂಟರ್‌ನೆಟ್ಟು ಯಾವ ಊರಿಗೆ ಎಷ್ಟು ಬಂತು, ಯಾರ ಕೈ ಸೇರಿತು, ಯಾರ ದುಡಿಮೆಯನ್ನು ಹೇಗೆ ಬದಲಿಸಿತು ಎಂದು ನೋಡುವುದು ತಾನೇ? ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಸಿಗಲಿ ಎಂದು ಮಕ್ಕಳು ಗುಡ್ಡ ಹತ್ತಿ ಕೂತ ಕರಾವಳಿ ಜಿಲ್ಲೆ ನಮ್ಮದು. ಈ ವಿಷಯ ಕಾಯ್ಕಿಣಿಯಂಥ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ.

ನನ್ನ ಮೊದಲ ತಕರಾರು ನಿಮ್ಮ ಸಂಕೋಚದ ಮೇಲೆ. ಪ್ರಶ್ನಾವಳಿ ಆಚೆಯಿಂದ ಬಂತು ಅಂದರೆ ಸಾಕು, ಅದು ಶಾಸನ ಎಂಬಂತೆ ಟ್ಯಾಬಿನಲ್ಲಿ ಹಾಕಿಕೊಂಡು ಮನೆಮನೆಗೆ ಹೊರಟುಬಿಡುತ್ತೀರಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಿಮ್ಮ ಊರಿನ ತಿಳಿವಳಿಕೆ ನಿಮಗೇ ಹಗುರವಾಗಿ ಕಾಣುತ್ತದೆ. ಊರು ನಿಮಗೆ ಗೊತ್ತು ಎಂದೇ ಅವರು ನಿಮ್ಮನ್ನು ಸೇರಿಸಿಕೊಂಡಿದ್ದು. ಆ ಗೊತ್ತಿರುವುದನ್ನು ಪ್ರಶ್ನೆ ಬರೆಯುವ ದಿನವೇ ಹೇಳಬೇಕು. ವರದಿ ಅಚ್ಚಾದ ಮೇಲೆ ‘ಹಾಗಲ್ಲ ಸಾರ್’ ಅಂದರೆ, ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮೀನು ಮಾರುವ ಅಕ್ಕನ ಬುಟ್ಟಿಯ ಪಕ್ಕ ಕ್ಯೂಆರ್ ಕೋಡಿನ ಹಲಗೆ ಇರುತ್ತದೆ. ‘ಡಿಜಿಟಲ್ ಪಾವತಿ ಬಳಸುತ್ತೀರಾ?’ ಎಂಬ ಸಾಲಿಗೆ ನೀವು ಹೌದು ಎಂದು ಒತ್ತಿ ಮುಂದಕ್ಕೆ ಹೋಗುತ್ತೀರಿ. ಸ್ವಲ್ಪ ನಿಲ್ಲಿ, ಆ ಖಾತೆ ಯಾರದು ಎಂದು ಕೇಳಿ. ಎಷ್ಟೋ ಕಡೆ ಅದು ಮಗನದು ಇಲ್ಲವೇ ಅಳಿಯನದು. ಗಿರಾಕಿ ಕೊಟ್ಟ ಇನ್ನೂರು ರೂಪಾಯಿ ಆಕೆಯ ಕಣ್ಣೆದುರೇ ಮಗನ ಫೋನಿಗೆ ಹೋಗುತ್ತದೆ, ಸಂಜೆ ಐಸಿಗೆ, ರಿಕ್ಷಾ ಬಾಡಿಗೆಗೆ ಆಕೆ ಅವನ ಮುಂದೆ ಕೈಚಾಚಬೇಕು. ಮೊದಲು ನೋಟು ಸೊಂಟದ ಚೀಲದಲ್ಲಾದರೂ ಇರುತ್ತಿತ್ತು. ಇಷ್ಟು ದೊಡ್ಡ ಸಂಗತಿ ನಿಮ್ಮ ಫಾರ್ಮಿನಲ್ಲಿ ಒಂದು ‘ಹೌದು’ ಆಗಿ ಮುಗಿದರೆ ಹೊರದೇಶದವರಿಗೆ ಹೇಗೆ ಗೊತ್ತಾಗಬೇಕು ಹೇಳಿ?

ಭಟ್ಕಳದ ಮನೆಗಳ ಕಥೆಯೂ ಹಾಗೇ. ‘ಮನೆಯ ಯಜಮಾನರು ಎಲ್ಲಿ?’ ಎಂದರೆ ದುಬೈ ಅನ್ನುತ್ತಾರೆ. ಮಗಳ ಕಾಲೇಜು ಯಾವುದು, ಅಂಗಳಕ್ಕೆ ಕಲ್ಲು ಹಾಸುವುದೋ ಬೇಡವೋ ಎಲ್ಲ ಅಲ್ಲಿಂದಲೇ ತೀರ್ಮಾನ. ಅಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು ಹೋಗುತ್ತದೆ, ಕರೆಗೆ ಮಾತ್ರ ಬಹಳ ವರ್ಷಗಳಿಂದ ತಡೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮಾತೆಲ್ಲ ಬೋಟಿಮ್ ಎಂಬ ಆ್ಯಪ್‌ನಲ್ಲಿ. ನಿಮ್ಮ ಫಾರ್ಮಿನಲ್ಲಿ ವಾಟ್ಸ್‌ಆ್ಯಪ್ ಕರೆಯ ಪ್ರಶ್ನೆ ಮಾತ್ರ ಇದ್ದರೆ ಈ ಮನೆಗಳು ಹೊರಗಿನ ಸಂಪರ್ಕವೇ ಇಲ್ಲದವು ಎಂದು ಲೆಕ್ಕಕ್ಕೆ ಬರುತ್ತವೆ! ಇನ್ನೊಂದು ಮಾತು: ನವಾಯತಿ, ಕೊಂಕಣಿ ಆಡುವ ಮನೆಗೆ ಬೆಂಗಳೂರಿನ ಪುಸ್ತಕದ ಕನ್ನಡ ಒಯ್ದು ‘ಅಂತರ್ಜಾಲ ಸಂಪರ್ಕದ ಲಭ್ಯತೆ’ ಎಂದು ಓದಬೇಡಿ. ‘ನೆಟ್ ಬರ್ತದಾ?’ ಎಂದು ಕೇಳಿ, ಸಾಕು. ಭಾಷೆ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ, ಅವರಿಗೂ ಸಂಬಳ ಕೊಡಿಸಿ.

ದೂರದ ಬೆಟ್ಟ ನುಣ್ಣಗೆ ಎಂಬುದಕ್ಕೆ ಕಾಸರಗೋಡಿನ ಕಡೆ ನೋಡಿ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಕರಾವಳಿಗೆ 1997ರಿಂದ 2001ರ ನಡುವೆ ಹಂತಹಂತವಾಗಿ ಮೊಬೈಲ್ ಬಂತು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಲ್ಲಿನ ದಂಡೆಗಳ ಬೂತಾಯಿ (ಅದೇ, ನಮ್ಮ ತಾರ್ಲೆ) ದರವನ್ನು ವಾರವಾರ ಬರೆಸಿಟ್ಟು 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುತ್ತಿದ್ದರು, ಪಕ್ಕದ ದಂಡೆಯಲ್ಲಿ ಮೀನಿಗೆ ಬರ. ಫೋನ್ ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ತಿರುಗತೊಡಗಿದರು, ಎಸೆಯುವುದು ನಿಂತಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ. 4ರಷ್ಟು ಇಳಿಯಿತು. ಜಗತ್ತೆಲ್ಲ ತಲೆದೂಗಿತು. ನೀವೂ ಓದಿ, ಚೆನ್ನಾಗಿದೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಬೆಂಗಳೂರಿನ ಐಐಐಟಿಯಲ್ಲಿ ಪಾಠ ಮಾಡಿದ ಜಾನಕಿ ಶ್ರೀನಿವಾಸನ್, ಆಗ ಬರ್ಕ್ಲಿಯಲ್ಲಿದ್ದ ಜೆನ್ನಾ ಬರೆಲ್ ಇಬ್ಬರೂ ಕೇರಳದ ದಂಡೆಗಳಲ್ಲಿ ಮೀನುಗಾರರನ್ನು ಮಾತಾಡಿಸಿ 2013ರಲ್ಲಿ ಬರೆದದ್ದನ್ನೂ ಓದಿ. ದಂಡೆ ದಂಡೆಗೂ ಮಾರುವ ಕ್ರಮ ಬೇರೆ, ಫೋನು ಬಳಸುವ ಕಾರಣವೂ ಬೇರೆ ಎಂದು ತೋರಿಸಿದರು. ದೋಣಿಗೆ ಸಾಲ ಕೊಟ್ಟವನಿಗೇ ಮೀನು ಹಾಕಬೇಕಾದವನ ಕೈಯಲ್ಲಿ ಫೋನ್ ಇದ್ದು ಮಾಡುವುದೇನು? ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ನೋಡಿ ಬೆಳೆದಿದ್ದೀರಿ.

ಕ್ಯಾಲೆಂಡರ್ ವಿಷಯದಲ್ಲಿ ನೀವು ಬಾಯಿ ಬಿಡಲೇಬೇಕು. ಹೊರದೇಶದವರ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್. ಆಗ ವಿಮಾನ ಹತ್ತಿ ಬರುತ್ತಾರೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಂದರು ಖಾಲಿ, ಹೊರಗಿನಿಂದ ಬಂದ ಬೋಟಿನ ಕೆಲಸದವರು ಊರಿಗೆ ಹೋಗಿರುತ್ತಾರೆ, ಮಳೆಗೆ ಕರೆಂಟೂ ಹೋಗಿ ಟವರೂ ಹೋಗಿರುತ್ತದೆ. ಆ ಎರಡು ತಿಂಗಳ ಲೆಕ್ಕವನ್ನು ವರ್ಷದ ಲೆಕ್ಕ ಎಂದು ಬರೆದರೆ ಯಾರ ತಪ್ಪು? ಮಳೆಗಾಲದಲ್ಲಿ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಕೇಳೋಣ ಎಂದು ಹೇಳಿ. ದುಡ್ಡಿಲ್ಲ ಎಂದರೆ ಮನೆಗಳ ಸಂಖ್ಯೆ ಕಡಿಮೆ ಮಾಡಲಿ.

ಈಗ ಹೆಸರಿನ ಮಾತು. ದುಡಿದವರು ನೀವು, ಪ್ರಬಂಧದ ಕೊನೆಯಲ್ಲಿ ‘ಸಹಕರಿಸಿದ ಎಲ್ಲರಿಗೂ ವಂದನೆ’ ಎಂದಿದ್ದರೆ ಆಮೇಲೆ ಅತ್ತು ಫಲವಿಲ್ಲ. ಯಾರ ಹೆಸರು ಎಲ್ಲಿ ಬರುತ್ತದೆ, ದತ್ತಾಂಶದ ಪ್ರತಿ ಯಾರ ಬಳಿ ಇರುತ್ತದೆ ಎಂದು ಶುರುವಿನಲ್ಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಕೇಳಿದರೆ ಏನಂದುಕೊಂಡಾರೋ ಎಂಬ ನಾಚಿಕೆಯೂ ಬೇಡ, ಕೇಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎಂ.ಡಿ. ಸುಭಾಷ್ ಚಂದ್ರನ್ ಅವರ ಹೆಸರು ದೇವರಕಾಡುಗಳ ಬರಹದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಹೆಸರಿನ ಪಕ್ಕದಲ್ಲೇ ಇದೆ. ಹಾಗಿರಬೇಕು. ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟಿನ ಫೇರ್‌ವರ್ಕ್ ಕೆಲಸವನ್ನೂ ನೋಡಿ. ಆ್ಯಪ್ ಕಂಪನಿಗಳು ದುಡಿಯುವವರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂದು ಹತ್ತಕ್ಕೆ ಅಂಕ ಹಾಕುತ್ತಾರೆ. ಸಂಬಳ, ಕೆಲಸದ ಸ್ಥಿತಿ, ಕರಾರು, ಆಡಳಿತ, ಪ್ರಾತಿನಿಧ್ಯ ಎಂಬ ಐದು ಅಳತೆ ಎಲ್ಲ ದೇಶಕ್ಕೂ ಒಂದೇ. ಆದರೆ 2019ರಿಂದ ಭಾರತದ ವರದಿಯಲ್ಲಿ ಬೆಂಗಳೂರಿನ ಐಐಐಟಿಯ ಕೈ ಇದೆ, ಹೆಸರೂ ಇದೆ.

ಜನರ ವಿಷಯದಲ್ಲಿ ನಿಮ್ಮ ಅಸಡ್ಡೆ ನನಗೆ ಸಹಿಸಲಾಗದು. ‘ಇಲ್ಲೊಂದು ಸೈನ್ ಹಾಕಿ ಅಮ್ಮಾ’ ಎಂದು ಇಂಗ್ಲಿಷ್ ಕಾಗದ ಮುಂದೊಡ್ಡುವುದು ಒಪ್ಪಿಗೆಯಲ್ಲ. ಕನ್ನಡದಲ್ಲಿ ಓದಿ ಹೇಳಿ, ಬೇಡ ಎಂದರೆ ಕೈಮುಗಿದು ಮುಂದಿನ ಮನೆಗೆ ಹೋಗಿ. ಮನೆಯ ಜಿಪಿಎಸ್ ಗುರುತು, ಫೋನ್ ನಂಬರು, ತಿಂಗಳ ಆದಾಯ ಮೂರನ್ನೂ ಒಂದೇ ಹಾಳೆಯಲ್ಲಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹೆಸರು ಬೇರೆ ಕಡತದಲ್ಲಿರಲಿ, ಗುರುತು ಮನೆಯದು ಬೇಡ, ಕೇರಿಯದು ಸಾಕು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾನೂನು ಬಂದಿದೆ. ಅದರಲ್ಲಿ ಸಂಶೋಧನೆಗೆ ಸ್ವಲ್ಪ ಸಡಿಲ ಇರಬಹುದು, ಮರ್ಯಾದೆಗೆ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮತ್ತೆ ಆ ಇನ್‌ಸ್ಟಾಗ್ರಾಂ! ಬಲೆ ಹೆಣೆಯುವ ಮುದುಕನ ಫೋಟೋ ಹಾಕಿ ‘ಫೀಲ್ಡ್ ಡೇಸ್’ ಎಂದು ಬರೆಯುತ್ತೀರಲ್ಲ, ಅವರನ್ನು ಕೇಳಿದ್ದಿರಾ?

ಚಿಕ್ಕದೊಂದು ಮಾತು: ಮೀಟಿಂಗ್ ಮೂರು ಗಂಟೆಗೆ ಎಂದರೆ ಯಾರ ಮೂರು ಎಂದು ಕೇಳಿ. ಬ್ರಿಟನ್ನಿನವರು ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ.

ಕೆಲಸ ಮುಗಿದ ಮೇಲೆ ಮಾಯವಾಗಬೇಡಿ. ಉತ್ತರ ಕೊಟ್ಟವರು ಕೊನೆಗೆ ಏನು ಬರೆದಿರಿ ಎಂದು ಕೇಳಿಯೇ ಕೇಳುತ್ತಾರೆ. ಎರಡು ಪುಟ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ. ಅದಕ್ಕೆ ಬೇಕಾದ ದುಡ್ಡನ್ನೂ ಯೋಜನೆಯ ಖರ್ಚಿನಲ್ಲೇ ಮೊದಲೇ ಸೇರಿಸಿ: ಅಚ್ಚಿನ ಖರ್ಚು, ಮೈಕು, ಚಾ, ಅವಲಕ್ಕಿ. ಹೊರದೇಶದವರು ಇದೇನು ಅವಲಕ್ಕಿ ಎಂದು ಕೇಳಿದರೆ ವಿವರಿಸಿ, ಒಪ್ಪುತ್ತಾರೆ. ಆ ದಿನ ಯಾರಾದರೂ ಎದ್ದು ‘ಇದು ಹಾಗಲ್ಲ’ ಅಂದರೆ ವಾದಕ್ಕೆ ನಿಲ್ಲದೆ ಬರೆದುಕೊಳ್ಳಿ, ಪ್ರಬಂಧ ಕಳಿಸುವ ಮೊದಲು ತಿದ್ದಿ.